ಡೆಲ್ಫಿಯಾ ಕೊಂಡ ಪಿಸ್ತೂಲು

ಗುರುವಾರ ಬೆಳಿಗ್ಗೆ ಷೆರೀಫ್ ಲೂಮಿಸ್ ಬೂಟಿನ ಹಿಮವನ್ನೂ ಒರೆಸದೆ ನಮ್ಮ ಬಂದೂಕಿನ ಅಂಗಡಿಯೊಳಗೆ ನುಗ್ಗಿದಾಗಲೇ ಏನೋ ಕೆಟ್ಟದ್ದು ನಡೆದಿದೆ ಎಂದು ನನಗನ್ನಿಸಿತು. ಅವನು ಜೇಬಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಗಾಜಿನ ಕೌಂಟರಿನ ಮೇಲಿಟ್ಟ. ಅದರೊಳಗೆ ಒಂದೇ ಒಂದು ಖಾಲಿ ತೋಟಾ ಇತ್ತು.

"ನಿನ್ನೆ ಸಾಯಂಕಾಲ ಎಮೆಟ್ ಥಾರ್ನ್‌ನ ಅವನ ಕೊಟ್ಟಿಗೇಲೇ ಗುಂಡು ಹೊಡೆದು ಸಾಯಿಸಿದಾರೆ," ಎಂದ. "ಇದು ಹೆಣದ ಪಕ್ಕ ಬಿದ್ದಿತ್ತು. ವರ್ನಾ, ಸ್ವಲ್ಪ ನೋಡಿ ಹೇಳಿ."

ವರ್ನಾ ಸ್ಟಿಟ್ ಒಳಗಿನ ಕೆಲಸದ ಮೇಜಿನಿಂದ ಎದ್ದು ಬಂದಳು. ಅರವತ್ತೆಂಟು ವರ್ಷದ ಹೆಂಗಸು. ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಉಗುರಿನ ಸಂದಿಯಲ್ಲಿ ಸದಾ ಎಣ್ಣೆ. ನನ್ನ ಅಂಗಡಿಯಲ್ಲಿ ಬಂದೂಕು ರಿಪೇರಿ ಮಾಡಲು ಕೂತು ಮೂವತ್ತು ವರ್ಷವಾಯಿತು. ನಮ್ಮ ಊರಾದ ಸೇಜ್ ಫೋರ್ಕ್‌ನಲ್ಲಿ ಈ ಅವಧಿಯಲ್ಲಿ ಮೂವರು ಷೆರೀಫರು ಬಂದುಹೋಗಿದ್ದಾರೆ, ತಲೆ ಕೆಟ್ಟಾಗಲೆಲ್ಲ ಮೂವರೂ ಬಂದದ್ದು ಅವಳ ಹತ್ತಿರವೇ. ಅಂಗಡಿಯ ಒಡೆಯ ಆರಿನ್ ಪೀಸ್, ಅಂದರೆ ನಾನು, ಕೌಂಟರಿನಲ್ಲಿ ನಿಂತು ಮಾತಾಡುವವನು. ಅವಳು ನೋಡುವವಳು.

"ಫಾರ್ಟಿಫೈವ್ ಪಿಸ್ತೂಲಿನದು," ಎಂದಳು ವರ್ನಾ.

"ಹಾಗಾದ್ರೆ ಮುಗೀತು. ಡೆಲ್ಫಿಯಾ ರಸ್ಕ್‌ನ ಹಿಡಿದು ಒಳಗೆ ಹಾಕಿದೀನಿ. ಅವಳ ಪಿಕಪ್ಪಲ್ಲಿ ಫಾರ್ಟಿಫೈವ್ ತೋಟಾದ ಡಬ್ಬಿ ಸಿಕ್ತು. ಅದ್ರಲ್ಲಿ ಒಂದು ಕಮ್ಮಿ."

"ಸುಳ್ಳು!" ನಾನು ಕೂಗಿಬಿಟ್ಟೆ. "ಅವಳ ಹತ್ರ ಇರೋದು ನೈನ್ ಎಮ್ಮೆಮ್!"

ವರ್ನಾ ನನ್ನ ಕಡೆ ತಿರುಗಿದಳು. "ನೀನು ನೋಡಿದೀಯಾ?"

"ಅವಳೇ ಹೇಳಿದ್ಲು."

"ನಾನು ಕೇಳಿದ್ದು, ನೋಡಿದೀಯಾ ಅಂತ."

ನೋಡಿರಲಿಲ್ಲ. ಅವಳು ನನ್ನಲ್ಲಿ ಗನ್ ಕೊಳ್ಳದ ಹೊಟ್ಟೆಯುರಿ ಆಗಲೂ ಆರಿರಲಿಲ್ಲ. ಡೆಲ್ಫಿಯಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಎಮೆಟ್‌ನ ಜಾಗದಲ್ಲಿ ಅವನದೇ ಟ್ರೇಲರ್ ಮನೆಯಲ್ಲಿ ಬಾಡಿಗೆಗಿದ್ದಳು. ಅವಳನ್ನು ಹೊಡೆದು ಬಡಿದು ಜೈಲಿಗೆ ಹೋಗಿದ್ದ ಹಳೇ ಗಂಡ ರಾಯ್ಸ್ ಶರತ್ಕಾಲದಲ್ಲಿ ಬಿಡುಗಡೆಯಾಗಿ ಪಕ್ಕದ ಊರಿಗೇ ಬಂದು ಕೂತಿದ್ದ. ಜೀವ ಕೈಯಲ್ಲಿ ಹಿಡಿದುಕೊಂಡು ಅವಳು ಮೂರು ಸಲ ನನ್ನ ಅಂಗಡಿಗೆ ಬಂದಿದ್ದಳು. ಅದಕ್ಕೆ ಮುಂಚೆ ಬಂದೂಕು ಮುಟ್ಟಿದವಳೇ ಅಲ್ಲ.

ಮೊದಲ ಸಲ ಕೊಳ್ಳುವವರು ಸಿಕ್ಕರೆ ನನಗೆ ಹಬ್ಬ. ನಾನು ಅರ್ಧ ದಿನ ಪಾಠ ಮಾಡಿದೆ. ಫಾರ್ಟಿಫೈವ್ ದಪ್ಪ ಗುಂಡು, ಕೈಗೆ ಒದೆತ ಜಾಸ್ತಿ. ಥರ್ಟಿ ಎಯ್ಟ್ ರಿವಾಲ್ವರ್ ಸುಲಭ, ಆದರೆ ಐದಾರು ಗುಂಡಿಗೇ ಖಾಲಿ. ನೈನ್ ಎಮ್ಮೆಮ್ ಎಲ್ಲಕ್ಕೂ ಹದ, ತೋಟಾ ಅಗ್ಗ. ಅವಳು ತಲೆಯಾಡಿಸಿದಳು. ಕೈಗೆ ಕೊಟ್ಟ ಪಿಸ್ತೂಲಿಗೆ ಗುಂಡು ಏರಿಸಲೆಂದು ಅದರ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಲು ಹೋಗಿ ಆಗದೆ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಅಭ್ಯಾಸವಾದರೆ ಬರುತ್ತದೆ ಎಂದು ನಾನೇ ಎಳೆದು ತೋರಿಸಿ ಪಾಠ ಮುಂದುವರಿಸಿದೆ. ಕೊನೆಗೆ ಅವಳು ಕೊಂಡದ್ದು ಸೊಂಟಕ್ಕೆ ಕಟ್ಟುವ ಒಂದು ಚರ್ಮದ ಒರೆ ಮಾತ್ರ. ಒಂದು ವಾರ ಬಿಟ್ಟು ದಾರಿಯಲ್ಲಿ ಸಿಕ್ಕಿ, "ಆರಿನ್, ಕ್ಯಾಸ್ಪರ್ ಊರಿನ ಬಂದೂಕು ಮೇಳದಲ್ಲಿ ನೀನು ಹೇಳಿದ ನೈನೇ ತಗೊಂಡೆ. ಬೇರೆಯವರಿಗೆ ಹೇಳ್ಬೇಡ, ಅವರೂ ಏನೇನೋ ಹೇಳಿದ್ರು, ಬೇಜಾರು ಮಾಡ್ಕೋತಾರೆ," ಎಂದಳು. ನನ್ನಲ್ಲಿ ಕೊಳ್ಳಲಿಲ್ಲವೆಂದು ಉರಿದರೂ, ನನ್ನ ಮಾತು ಕೇಳಿದಳಲ್ಲ ಎಂದು ಎದೆಯುಬ್ಬಿಸಿಕೊಂಡಿದ್ದೆ.

ಷೆರೀಫ್ ಡೆಲ್ಫಿಯಾಳ ಮನೆಯ ಫೋಟೋಗಳನ್ನು ಹರಡಿದ. ಬಾಗಿಲ ಹಿಂದಿನ ಮೊಳೆಯಲ್ಲಿ ಅವಳ ಉದ್ದ ಕೋಟು ತೂಗುತ್ತಿತ್ತು. ಅದರ ಪಕ್ಕ ನಾನು ಮಾರಿದ ಒರೆ, ಖಾಲಿ. ಕೆಳಗೆ ಚಪ್ಪಲಿಯ ಹಲಗೆಯ ಮೇಲೆ ಒಂದು ಜೊತೆ ಬೂಟು, ಟಾರ್ಚು, ತೋಟದ ಪೈಪಿಗೆ ಸಿಕ್ಕಿಸುವ ಹಿತ್ತಾಳೆಯ ನಳಿಕೆ.

"ಗನ್ ಎಲ್ಲೋ ಎಸೆದಿದಾಳೆ," ಎಂದ ಲೂಮಿಸ್. "ಎಮೆಟ್ ಮನೆ ಖಾಲಿ ಮಾಡು ಅಂದಿದ್ದ. ಹೋಟೆಲಲ್ಲಿ ಎಲ್ಲರ ಮುಂದೆ ಅವನ ಮೇಲೆ ಕೂಗಾಡಿದಾಳೆ. ಗನ್ ಎಲ್ಲಿ ಅಂದ್ರೆ ಬಾಯೇ ಬಿಡಲ್ಲ. ಸೋಮವಾರ ಜಡ್ಜ್ ಮುಂದೆ ನಿಲ್ಲಿಸ್ತೀನಿ, ಆಮೇಲೆ ಅವಳು ಆಚೆ ಬರೋದು ಕನಸು."

ವರ್ನಾ ಕನ್ನಡಕವೇರಿಸಿ ಆ ಬಾಗಿಲಿನ ಫೋಟೋವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಕಿಟಕಿಯಾಚೆ ಮೊಣಕಾಲುದ್ದ ಬಿದ್ದಿದ್ದ ಹಿಮವನ್ನು ನೋಡಿದಳು.

"ಲೂಮಿಸ್, ತೋಟಾ ಫಾರ್ಟಿಫೈವ್ ಅಂತ ಊರಲ್ಲಿ ಯಾರಿಗೂ ಹೇಳ್ಬೇಡಿ. ಆರಿನ್, ನಿನಗೂ ಅಷ್ಟೇ. ಬಾಯಿಗೆ ಬೀಗ."

ಶುಕ್ರವಾರ ಅಂಗಡಿಗೆ ಇಬ್ಬರು ಬಂದರು. ಮೊದಲು ವೆಂಡೆಲ್ ಕ್ರ್ಯಾಬ್, ಎಮೆಟ್‌ನ ಪಕ್ಕದ ಜಮೀನಿನಲ್ಲಿ ದನ ಸಾಕುವವನು. ದೊಡ್ಡ ಗಂಟಲು, ದೊಡ್ಡ ಹೊಟ್ಟೆ, ಸೊಂಟಕ್ಕೆ ಹಗಲಿರುಳೂ ಫಾರ್ಟಿಫೈವ್ ಕಟ್ಟುವವನು. "ಏನಯ್ಯ ಆರಿನ್, ಇನ್ನೂ ಆ ಆಟದ ಸಾಮಾನು ಮಾರ್ತಾ ಇದೀಯಾ?" ಎಂದು ನೈನ್ ಎಮ್ಮೆಮ್ ಪಿಸ್ತೂಲುಗಳ ಕಡೆ ಗದ್ದ ಆಡಿಸಿ ನಕ್ಕ. ಒಲೆಯ ಪಕ್ಕದ ಕೈಯಿರುವ ಕುರ್ಚಿಯಲ್ಲಿ ಒರಗಿ ಕೂತು ಕಾಫಿ ಕುಡಿದ. "ಪಾಪ, ಎಮೆಟ್. ಆ ಹುಡುಗಿ ಇಂಥವಳು ಅಂತ ಯಾರಿಗೆ ಗೊತ್ತಿತ್ತು?" ಎಂದು ನಿಟ್ಟುಸಿರುಬಿಟ್ಟು ಹೋದ. ವರ್ನಾ ಅವನು ಎದ್ದ ಕುರ್ಚಿಯ ಹತ್ತಿರ ಹೋಗಿ ಸುಮ್ಮನೆ ಅದರ ಕೈಯನ್ನು ಸವರಿದಳು.

ಆಮೇಲೆ ಬಂದವನು ಪಾದ್ರಿ ಲೈಲ್ ಫೆನ್. ಕಳೆದ ಅಕ್ಟೋಬರಿನಲ್ಲಿ ಅವನ ಹೆಂಡತಿ ಏಡಾ ಎಮೆಟ್‌ನ ಮನೆಯ ತಿರುವಿನಲ್ಲಿ ನಡೆದು ಬರುತ್ತಿದ್ದಾಗ ಯಾವುದೋ ಟ್ರಕ್ಕು ಗುದ್ದಿ ಸಾಯಿಸಿ, ನಿಲ್ಲಿಸದೆ ಹೋಗಿತ್ತು. ಗುದ್ದಿದವನು ಸಿಕ್ಕಿರಲೇ ಇಲ್ಲ. ಅಂದಿನಿಂದ ಪಾದ್ರಿಯ ಕೋಟು ಅವನ ಮೈಮೇಲೆ ಜೋತುಬಿದ್ದಿತ್ತು, ಅದರೊಳಗೆ ಸದಾ ಒಂದು ಥರ್ಟಿ ಎಯ್ಟ್ ರಿವಾಲ್ವರ್ ಇರುತ್ತಿತ್ತು.

"ಡೆಲ್ಫಿಯಾ ಕೊಲೆ ಮಾಡೋಳಲ್ಲ, ವರ್ನಾ," ಎಂದ. "ಹೋದ ಭಾನುವಾರ ಎಮೆಟ್ ನನ್ನ ಕೈ ಹಿಡ್ಕೊಂಡು, 'ಮುಂದಿನ ಭಾನುವಾರದೊಳಗೆ ಒಬ್ಬ ಬಂದು ನಿಮಗೆ ಒಂದು ವಿಷಯ ಹೇಳ್ತಾನೆ. ಅವನು ಬರದೇ ಇದ್ರೆ ನಾನೇ ಹೇಳ್ತೀನಿ' ಅಂದ. ಏನು ವಿಷಯ ಅಂತ ನನಗೆ ಗೊತ್ತಾಗ್ಲಿಲ್ಲ. ಈಗ ಅವನೇ ಇಲ್ಲ."

ಸಾಯಂಕಾಲ ವರ್ನಾಳ ಜೊತೆ ಲಾಕಪ್ಪಿಗೆ ಹೋದೆ. ಡೆಲ್ಫಿಯಾ ಕಂಬಿಯ ಆಚೆ ಕೂತಿದ್ದಳು. ಅವಳ ಬಲಗೈ ಹೆಬ್ಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿರುವುದನ್ನು ನಾನು ಆಗಲೇ ಮೊದಲು ಕಂಡದ್ದು. ನನಗೆ ನಾಚಿಕೆಯಾಯಿತು.

"ನಿನ್ನ ಗನ್ ಯಾವುದು, ಮಗಳೇ?" ವರ್ನಾ ಕೇಳಿದಳು.

"ಇದೆ. ಅಷ್ಟೇ ಹೇಳೋದು."

"ಹೇಳಿದ್ರೆ ಬಿಡುಗಡೆ ಆಗ್ಬಹುದು."

"ಬಿಡುಗಡೆ ಆಗಿ ಎಲ್ಲಿಗೆ ಹೋಗ್ಲಿ?" ಅವಳು ಎದ್ದು ಕಂಬಿಯ ಹತ್ತಿರ ಬಂದಳು. "ರಾಯ್ಸ್ ಈ ಕಡೆ ಬಂದಿದ್ನಾ? ಯಾರಾದ್ರೂ ನೋಡಿದ್ರಾ?"

ಹಿಂದಿರುಗುವಾಗ ಕಾರಿನಲ್ಲಿ ವರ್ನಾ, "ಜೈಲಿಗಿಂತ ದೊಡ್ಡ ಭಯ ಇದ್ದವರು ಮಾತ್ರ ಹೀಗೆ ಬಾಯಿ ಮುಚ್ಚಿಕೊಳ್ತಾರೆ," ಎಂದಳಷ್ಟೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಅಂಗಡಿಯ ಬಾಗಿಲಿಗೆ 'ಮುಚ್ಚಿದೆ' ಫಲಕ ಹಾಕಿದೆವು. ಷೆರೀಫ್ ಡೆಲ್ಫಿಯಾಳನ್ನು ಕರೆತಂದ. ಅವಳಿಗೆ ಬಂದೂಕಿನ ವಿಷಯದಲ್ಲಿ ಸಲಹೆ ಕೊಟ್ಟವರು ಮೂವರು: ನಾನು, ಪಾದ್ರಿ, ವೆಂಡೆಲ್. ಸಾಕ್ಷಿ ಬೇಕೆಂದು ಅವರಿಬ್ಬರನ್ನೂ ಕರೆಸಿದ್ದೆವು. ವೆಂಡೆಲ್ ಮತ್ತೆ ಅದೇ ಕುರ್ಚಿಯಲ್ಲಿ ಕೂತ. ವರ್ನಾ ನಮಗೆ ಒಂದೊಂದು ಚೀಟಿ ಕೊಟ್ಟಳು.

"ಡೆಲ್ಫಿಯಾ ಯಾವ ಅಳತೆಯ ಗನ್ ತಗೊಂಡ್ಲು ಅಂತ ನಿಮಗೆ ಗೊತ್ತಿದೆಯೋ ಅದನ್ನ ಬರೀರಿ. ಪಕ್ಕದವರ ಚೀಟಿ ನೋಡೋ ಹಾಗಿಲ್ಲ."

ಡೆಲ್ಫಿಯಾಳ ಮುಖ ಬಿಳುಚಿತು. "ಬೇಡ ವರ್ನಾ, ದಮ್ಮಯ್ಯ," ಎಂದಳು.

ವರ್ನಾ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಕೌಂಟರಿನ ಮೇಲಿಟ್ಟಳು. ನನ್ನದರಲ್ಲಿ ನೈನ್. ಪಾದ್ರಿಯದರಲ್ಲಿ ಥರ್ಟಿ ಎಯ್ಟ್ ರಿವಾಲ್ವರ್. ವೆಂಡೆಲ್‌ನದರಲ್ಲಿ ಫಾರ್ಟಿಫೈವ್.

"ಇದೇನಿದು!" ಎಂದ ಪಾದ್ರಿ. "ಅವಳೇ ನನಗೆ ಹೇಳಿದ್ಲು, ನಾನು ಹೇಳಿದ್ದನ್ನೇ ತಗೊಂಡೆ ಅಂತ."

"ನನಗೂ ಅದನ್ನೇ ಹೇಳಿದ್ಲು," ಎಂದೆ.

"ಮೂವರಿಗೂ ಹೇಳಿದಾಳೆ," ಎಂದಳು ವರ್ನಾ. "ಪ್ರತಿಯೊಬ್ಬನಿಗೂ ಅವನು ಹೇಳಿದ್ದೇ ತಗೊಂಡೆ ಅಂತ. ಬೇರೆಯವರಿಗೆ ಹೇಳ್ಬೇಡ ಅಂತಾನೂ ಸೇರಿಸಿದಾಳೆ. ನೀವು ಗಂಡಸರು ನಿಮ್ಮ ಮಾತು ಗೆದ್ದಿತು ಅಂತ ಖುಷಿಯಾಗಿ ಸುಮ್ಮನಾದ್ರಿ. ಯಾರೂ ಗನ್ ತೋರ್ಸು ಅನ್ಲಿಲ್ಲ. ಲೂಮಿಸ್, ಆ ಒರೆ ಕೊಡಿ."

ಅವಳು ಒರೆಯ ಬಾಯಿಯನ್ನು ದೀಪದ ಕೆಳಗೆ ಅಗಲಿಸಿ ಹಿಡಿದಳು. ಒಳಗಿನ ಚರ್ಮಕ್ಕೆ ಹಿತ್ತಾಳೆ ಕಿಲುಬಿನ ಹಸಿರು ಕಲೆ ಹತ್ತಿತ್ತು. ಆಮೇಲೆ ಲೂಮಿಸ್ ಅವಳ ಮನೆಯಿಂದ ತಂದಿದ್ದ ಆ ಹಿತ್ತಾಳೆಯ ನಳಿಕೆಯನ್ನು ಎತ್ತಿ ಒರೆಯೊಳಗೆ ಜಾರಿಸಿದಳು. ಅಳತೆ ತೆಗೆದು ಹೊಲಿಸಿದಂತೆ ಅದು ಒಳಗೆ ಕೂತಿತು. ಮೇಲಿನಿಂದ ಕೋಟು ಎಳೆದರೆ ಸೊಂಟದಲ್ಲಿ ಪಿಸ್ತೂಲು ಉಬ್ಬಿದಂತೆಯೇ ಕಾಣುತ್ತಿತ್ತು.

"ಫೆಬ್ರವರಿ ತಿಂಗಳು. ಪೈಪು ಹಿಮದಡಿ ಹೂತಿದೆ. ನಳಿಕೆ ಯಾಕೆ ಬಾಗಿಲ ಹತ್ರ, ಕೋಟಿನ ಕೆಳಗೆ, ಕೈಗೆ ಸಿಗೋ ಹಾಗಿತ್ತು? ಮುರಿದ ಹೆಬ್ಬೆರಳಲ್ಲಿ ಆರಿನ್‌ನ ನೈನ್ ಎಳೆಯೋಕೇ ಆಗದವಳು ಫಾರ್ಟಿಫೈವ್ ಎಳೀತಾಳಾ? ಲೂಮಿಸ್, ಇವಳ ಹತ್ರ ಗನ್ನೇ ಇಲ್ಲ. ಯಾವತ್ತೂ ಇರ್ಲಿಲ್ಲ."

ಡೆಲ್ಫಿಯಾ ಮುಖ ಮುಚ್ಚಿಕೊಂಡು ಅತ್ತಳು. "ರಾಯ್ಸ್ ದೂರ ಇದ್ದಿದ್ದು ಅದೊಂದರಿಂದಲೇ," ಎಂದಳು. "ನಾನು ಗನ್ ಇಟ್ಕೊಂಡಿದೀನಿ ಅಂತ ಊರೆಲ್ಲ ಮಾತಾಡ್ಬೇಕಿತ್ತು. ಮಾತಾಡಿದ್ರು. ಇಲ್ಲ ಅಂತ ಹೇಗೆ ಹೇಳ್ಲಿ?"

"ಹಾಗಾದ್ರೆ ಡಬ್ಬಿ?" ಎಂದ ಷೆರೀಫ್.

"ಅದೇ ಪ್ರಶ್ನೆ. ಕೊಂದವನು ಫಾರ್ಟಿಫೈವ್ ಡಬ್ಬಿಯನ್ನ ಇವಳ ಪಿಕಪ್ಪಲ್ಲಿ ಇಟ್ಟ. ಯಾಕಂದ್ರೆ ಇವಳ ಹತ್ರ ಫಾರ್ಟಿಫೈವ್ ಇದೆ ಅಂತ ನಂಬಿದ್ದ. ಆರಿನ್ ಆಗಿದ್ರೆ ನೈನ್ ಇಡ್ತಿದ್ದ. ಪಾದ್ರಿಗಳು ಥರ್ಟಿ ಎಯ್ಟ್ ಇಡ್ತಿದ್ರು. ಡೆಲ್ಫಿಯಾ, ಫಾರ್ಟಿಫೈವ್ ಅಂತ ನೀನು ಎಷ್ಟು ಜನಕ್ಕೆ ಹೇಳಿದೆ?"

"ಒಬ್ಬರಿಗೇ," ಎಂದಳು ಡೆಲ್ಫಿಯಾ. ಅವಳ ಕಣ್ಣು ಒಲೆಯ ಕಡೆ ಹೋಯಿತು.

ವೆಂಡೆಲ್ ಗಹಗಹಿಸಿ ನಕ್ಕ. "ಚೀಟಿ ಆಟ ಆಡಿ ನನ್ನನ್ನ ಕೊಲೆಗಾರ ಮಾಡ್ತೀರಾ? ಈ ಊರಲ್ಲಿ ಫಾರ್ಟಿಫೈವ್ ಇರೋರು ನೂರು ಜನ ಇದಾರೆ."

"ನಿನ್ನದು ಎಲ್ಲಿ, ವೆಂಡೆಲ್?" ವರ್ನಾಳ ದನಿ ಏರಲಿಲ್ಲ. "ಇಪ್ಪತ್ತು ವರ್ಷದಿಂದ ಈ ಅಂಗಡೀಲಿ ನೀನು ಸ್ಟೂಲ್ ಮೇಲೇ ಕೂರೋದು. ಈ ಕುರ್ಚಿಯ ಕೈಗೆ ಸೊಂಟದ ಗನ್ ತಗುಲುತ್ತೆ ಅಂತ ಬೈಕೊಂಡು ಎದ್ದು ಹೋಗ್ತಿದ್ದೆ. ನಿನ್ನೆ ಆರಾಮಾಗಿ ಒರಗಿ ಕೂತೆ. ಇವತ್ತೂ ಕೂತಿದೀಯಾ."

ಅವನ ಕೈ ತಾನಾಗಿ ಖಾಲಿ ಸೊಂಟಕ್ಕೆ ಹೋಯಿತು. ಅವನು ನಗುವುದನ್ನು ನಿಲ್ಲಿಸಿದ.

"ಅಕ್ಟೋಬರ್‌ನಲ್ಲಿ ಜಿಂಕೆ ಗುದ್ದಿತು ಅಂತ ಟ್ರಕ್ಕಿಗೆ ಹೊಸ ಬಂಪರ್ ಹಾಕಿಸಿದೆ," ವರ್ನಾ ಮುಂದುವರಿಸಿದಳು. "ಇಲ್ಲಿ ಎಲ್ಲರಿಗೂ ಜಿಂಕೆ ಗುದ್ದುತ್ತೆ, ಅದಕ್ಕೇ ಯಾರೂ ಕೇಳ್ಲಿಲ್ಲ. ಎಮೆಟ್‌ನ ಮನೆ ಇರೋದು ಆ ತಿರುವಲ್ಲೇ. ನಿನ್ನ ಟ್ರಕ್ಕು ಏಡಾಗೆ ಗುದ್ದಿದ್ದನ್ನ ಅವನು ನೋಡಿದ್ದ. ಭಾನುವಾರದೊಳಗೆ ನೀನೇ ಹೋಗಿ ಪಾದ್ರಿಗಳಿಗೆ ಹೇಳು ಅಂತ ಗಡುವು ಕೊಟ್ಟಿದ್ದ."

ಪಾದ್ರಿ ನಿಧಾನವಾಗಿ ಎದ್ದು ನಿಂತ. ಅವನ ಕೋಟಿನೊಳಗೆ ರಿವಾಲ್ವರ್ ಇತ್ತೆಂದು ನಮಗೆಲ್ಲ ಗೊತ್ತಿತ್ತು. ಅವನು ಕೈಯನ್ನು ಕೋಟಿನೊಳಗೆ ಹಾಕಿ ರಿವಾಲ್ವರನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ವರ್ನಾಳ ಮುಂದಿಟ್ಟ.

"ಇದನ್ನ ತೆಗೆದಿಡಿ," ಎಂದ. "ಈಗ ನನ್ನ ಹತ್ರ ಇರೋದು ಒಳ್ಳೇದಲ್ಲ." ಆಮೇಲೆ ವೆಂಡೆಲ್ ಕಡೆ ತಿರುಗಿದ. "ಅವಳ ಹೆಣ ಹೊರೋವಾಗ ನನ್ನ ಪಕ್ಕದಲ್ಲೇ ಹೆಗಲು ಕೊಟ್ಟಿದ್ದೆಯಲ್ಲೋ."

ವೆಂಡೆಲ್‌ನ ದೊಡ್ಡ ಗಂಟಲು ಎಲ್ಲೋ ಹೂತುಹೋಯಿತು. "ಕತ್ತಲಾಗಿತ್ತು, ಲೈಲ್. ಕುಡಿದಿದ್ದೆ," ಎಂದ. ಆಮೇಲೆ ಷೆರೀಫ್‌ಗೆ ಉಳಿದದ್ದನ್ನು ಹೇಳಿದ. "ಇವಳು ಶಾಲೆಗೆ ಹೋದಾಗ ಇವಳ ಗನ್ ಕದ್ದು ಅದ್ರಲ್ಲೇ ಹೊಡಿಯೋಣ ಅಂತಿದ್ದೆ. ಮನೆಯೆಲ್ಲ ಹುಡುಕಿದೆ, ಸಿಗ್ಲಿಲ್ಲ. ಆ ಹಾಳು ನಳಿಕೇನ ನಾನೇ ಪಕ್ಕಕ್ಕೆ ಸರಿಸಿದ್ದೆ. ಕೊನೆಗೆ ನನ್ನದರಲ್ಲೇ ಹೊಡೆದೆ." ತನ್ನ ಪಿಸ್ತೂಲನ್ನು ದನ ನೀರು ಕುಡಿಯುವ ಹೊಂಡದ ಮಂಜುಗಡ್ಡೆ ಒಡೆದು ಅದರೊಳಗೆ ಹಾಕಿದ್ದ. ಮರುದಿನ ಅದನ್ನು ತೆಗೆದರು, ತೋಟಾ ತಾಳೆಯಾಯಿತು.

ವೆಂಡೆಲ್‌ನನ್ನು ಕರೆದೊಯ್ದ ಮೇಲೆ ಡೆಲ್ಫಿಯಾ ಅಲ್ಲೇ ನಿಂತಿದ್ದಳು. ಬಿಡುಗಡೆಯಾದವಳ ಮುಖವಲ್ಲ ಅದು. "ನಾಳೆಯೊಳಗೆ ನಳಿಕೆಯ ಕತೆ ರಾಯ್ಸ್‌ಗೆ ತಲುಪುತ್ತೆ," ಎಂದಳು.

ನನ್ನ ನಾಲಿಗೆಯ ತುದಿಗೆ ನೈನ್ ಎಮ್ಮೆಮ್ ಬಂದಿತ್ತು. ಮೂವತ್ತು ವರ್ಷದ ಚಾಳಿ, ಬಿಡಲು ಕಷ್ಟ. ಆದರೂ ನುಂಗಿಕೊಂಡೆ. "ಡೆಲ್ಫಿಯಾ, ನಿನ್ನ ಕೈ ತೋರ್ಸು," ಎಂದೆ.

ಅವಳು ಬಲಗೈಯನ್ನು ಗಾಜಿನ ಮೇಲಿಟ್ಟಳು. ಆ ಬೆರಳು ಎಷ್ಟು ಬಗ್ಗುತ್ತದೆ, ಎಲ್ಲಿ ನೋಯುತ್ತದೆ ಎಂದು ಒಂದೊಂದೇ ಕೇಳಿದೆ. ಮೊದಲ ದಿನ ಕೇಳಬೇಕಾಗಿದ್ದ ಪ್ರಶ್ನೆಗಳು. ಆಮೇಲೆ ವರ್ನಾ ಅವಳನ್ನು ಹಿಂದಿನ ಗುರಿ ಅಭ್ಯಾಸದ ಕೋಣೆಗೆ ಕರೆದುಕೊಂಡು ಹೋದಳು. ಗೋಡೆಯಾಚೆ ಬೇರೆ ಬೇರೆ ಸದ್ದು ಕೇಳಿದವು, ಮಧ್ಯೆ ಒಂದು ಸಲ ಡೆಲ್ಫಿಯಾ ಜೋರಾಗಿ ನಕ್ಕದ್ದೂ ಕೇಳಿಸಿತು. ಕತ್ತಲಾಗುವ ಮುಂಚೆ ಅವಳು ಕಂದು ಕಾಗದದ ಪೊಟ್ಟಣವೊಂದನ್ನು ಎದೆಗೊತ್ತಿಕೊಂಡು ಮುಂಬಾಗಿಲಿನಿಂದಲೇ ನಡೆದುಹೋದಳು. ಎದುರಿನ ಹೋಟೆಲಿನಲ್ಲಿದ್ದವರೆಲ್ಲ ಕಿಟಕಿಗೆ ಬಂದು ನೋಡಿದರು.

ಆ ವಾರ ರಾಯ್ಸ್ ಅವಳ ಗೇಟಿನ ತನಕ ಬಂದು, ಕಾರಿನಿಂದ ಇಳಿಯದೆ ಸ್ವಲ್ಪ ಹೊತ್ತು ಕೂತಿದ್ದು, ತಿರುಗಿ ಹೋದನಂತೆ. ಮತ್ತೆ ಬಂದದ್ದನ್ನು ಯಾರೂ ಕಂಡಿಲ್ಲ.

ಅವಳು ಕೊನೆಗೆ ಯಾವ ಅಳತೆಯದು ಕೊಂಡಳು, ನಿನ್ನ ನೈನೇ ಗೆದ್ದಿತಾ ಎಂದು ಊರವರು ಈಗಲೂ ನನ್ನನ್ನು ಕೆಣಕುತ್ತಾರೆ. ಆ ಪೊಟ್ಟಣದಲ್ಲಿ ಏನಿತ್ತೆಂದು ನನಗೆ ಗೊತ್ತು. ಹೇಳಬೇಕೆಂದು ಬಾಯಿ ಎಷ್ಟು ತುರಿಸಿದರೂ, "ಹೋಗಿ ಅವಳನ್ನೇ ಕೇಳಿ," ಎಂದು ಕಾಫಿ ಬಗ್ಗಿಸಿ ಕೊಡುತ್ತೇನೆ.