ಆ ‘ಅವರು’ ಎಷ್ಟು ಜನ?

“ಒಂದೇ ಒಂದು ಪದ ಸೇರಿಸಬೇಕು, ಅಷ್ಟೇ,” ಎಂದ ಪಾಚಿ. “ಆಮೇಲೆ ನಿಮ್ಮ ತಂಟೆಗೆ ಬರಲ್ಲ.”

ತಂಟೆಗೆ ಬರಲ್ಲ ಎಂದದ್ದೇ ನನಗೆ ಹಿಡಿಸಲಿಲ್ಲ. ಅದನ್ನು ತೋರಿಸಿಕೊಳ್ಳದೆ ಅವನ ಕೈಯಲ್ಲಿದ್ದ ಹಾಳೆಗಾಗಿ ಕೈಚಾಚಿದೆ.

ವಿಜ್ಞಾನ ಮಂಡಳಿಯ ಕಚೇರಿಯಲ್ಲಿ ಸನ್ಮಾನಪತ್ರ ಬರೆಯುವವಳು ನಾನು. ಮಂಡಳಿ ಪ್ರತಿವರ್ಷ ಮೂವರು ಹಿರಿಯ ವಿಜ್ಞಾನಿಗಳಿಗೆ ಪದಕ ಕೊಡುತ್ತದೆ. ಭೂವಿಜ್ಞಾನಕ್ಕೊಂದು, ರಸಾಯನ ವಿಜ್ಞಾನಕ್ಕೊಂದು, ಜೀವವಿಜ್ಞಾನಕ್ಕೊಂದು. ಅವರು ಮಾಡಿದ್ದೇನು ಎಂದು ಎಲ್ಲರಿಗೂ ತಿಳಿಯುವ ಹಾಗೆ ಒಂದೊಂದು ಪುಟ ಬರೆದು, ಸಭೆಯ ದಿನ ಮೈಕಿನ ಮುಂದೆ ಓದಬೇಕು. ನಾನು ಸಂಜೆ ಕಾಲೇಜಿನಲ್ಲಿ ಓದಿದವಳು. ಹಗಲು ಓದಿದವರಿಗೆಲ್ಲ ಗೊತ್ತಿರುವ ಏನೋ ಒಂದು ನನಗೆ ಮಾತ್ರ ಗೊತ್ತಿಲ್ಲ ಎಂಬ ಅಳುಕು ಇನ್ನೂ ಬಿಟ್ಟಿಲ್ಲ. ಅದಕ್ಕೇ ಪ್ರತಿ ವಾಕ್ಯವನ್ನೂ ಹಿಂದೆ ಮುಂದೆ ತಿರುಗಿಸಿ ನೋಡುತ್ತೇನೆ. ಕಚೇರಿಯಲ್ಲಿ ನನ್ನನ್ನು ‘ಕಾಗುಣಿತ’ ಎಂದೇ ಕರೆಯುತ್ತಾರೆ.

ಆ ವರ್ಷದ ಭೂವಿಜ್ಞಾನಿ ಸರೋವರದ ತಳದ ಕೆಸರನ್ನು ಕೊಳವೆಯಲ್ಲಿ ಎತ್ತಿ, ಪದರ ಪದರವಾಗಿ ಓದಿ, ಹಳೆಯ ಕಾಲದಲ್ಲಿ ಮಳೆ ಕೈಕೊಟ್ಟ ವರ್ಷಗಳನ್ನು ಗುರುತಿಸಿದವರು. ರಸಾಯನ ವಿಜ್ಞಾನಿ ಬಾವಿನೀರಿನ ವಿಷ ಹೀರುವ ಸುಟ್ಟ ಮಣ್ಣಿನ ಗುಂಡುಗಳನ್ನು ಮಾಡಿದವರು. ಆ ಎರಡು ಪುಟಗಳು ಬೇಗ ಮುಗಿದವು. ಮೂರನೆಯವರು ಜೀವವಿಜ್ಞಾನಿ, ತಲೆಗೂದಲೆಲ್ಲ ನೆರೆತ ಹೆಂಗಸು. ಎಲ್ಲರಿಗೂ ಅವರು ದೊಡ್ಡ ಮೇಡಂ. ವರ್ಷಗಟ್ಟಲೆ ಒಣಗಿ ಬಿದ್ದ ಪಾಚಿ ಒಂದು ಹನಿ ನೀರು ಸೋಕಿದರೆ ಮತ್ತೆ ಹಸಿರಾಗುವುದು ಹೇಗೆ ಎಂಬುದು ಅವರ ಪ್ರಶ್ನೆ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ವಿವರಿಸಿ ಹೇಳಲು ಅವರು ತಮ್ಮ ಲ್ಯಾಬಿನ ಯುವಕನನ್ನು ಕಳಿಸಿದರು. ನಮ್ಮ ಕಚೇರಿಯವರು ಅವನಿಗೆ ಮೊದಲ ದಿನವೇ ಪಾಚಿ ಎಂದು ಹೆಸರಿಟ್ಟರು.

ಅವನು ವಿವರಿಸಿದ್ದು ಕರ್ಚೀಫಿನಲ್ಲಿ. ನನ್ನ ಮೇಜಿನ ಮೇಲೆ ಅದನ್ನು ಹರಡಿ, ನಿಧಾನವಾಗಿ ಮಡಚಿದ.

“ಒಣಗೋವಾಗ ಜೀವಕೋಶ ಮುದ್ದೆ ಆಗಲ್ಲ, ಮಡಚಿಕೊಳ್ಳತ್ತೆ. ಪ್ರತಿ ಸಲವೂ ಅದೇ ಗೆರೆಯಲ್ಲಿ. ಅದಕ್ಕೇ ಬಿಚ್ಚಿಕೊಳ್ಳೋವಾಗ ಎಲ್ಲೂ ಹರಿಯಲ್ಲ. ತಿಳೀತಾ?”

“ಇನ್ನೊಂದ್ಸಲ ಹೇಳಿ.”

“ಇದು ನಾಲ್ಕನೇ ಸಲ.”

“ನಾನು ಸ್ವಲ್ಪ ದಡ್ಡಿ.”

“ದಡ್ಡರು ಕರ್ಚೀಫ್ ನೋಡ್ತಾರೆ,” ಎಂದ, ಮಡಿಕೆಯಿಂದ ಕಣ್ಣೆತ್ತದೆ. “ನೀವು ಎಲ್ಲಿ ನೋಡ್ತಿದ್ದೀರೋ ನನಗೆ ಗೊತ್ತಿಲ್ಲ ಅಂದ್ಕೋಬೇಡಿ.”

ನನ್ನ ಕಿವಿ ಬಿಸಿಯಾಯಿತು. ಅವನ ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಆಮೇಲೂ ಎದುರಿಗೆ ‘ನೀವು’ ಎನ್ನುತ್ತಲೇ ಇದ್ದೆ. ಮನಸ್ಸಿನಲ್ಲಿ ಎಂದೋ ‘ಅವನು’ ಆಗಿಹೋಗಿದ್ದ.

ಈಗ ಅವನು ಸೇರಿಸಿ ತಂದ ಪದವನ್ನು ನೋಡಿದೆ. ನಾನು ಬರೆದ ವಾಕ್ಯ ಇಷ್ಟೇ: ‘ಒಣಗಿದ ಪಾಚಿ ಮತ್ತೆ ಬದುಕುವ ಬಗೆಯನ್ನು ಅವರು ಕಂಡುಹಿಡಿದರು.’ ‘ಅವರು’ ಆದ ಮೇಲೆ ಪೆನ್ಸಿಲಿನಲ್ಲಿ ‘ಸ್ವತಃ’ ಎಂದಿತ್ತು.

“ಇದು ಯಾಕೆ? ಇಲ್ಲದಿದ್ರೂ ಅರ್ಥ ಆಗತ್ತಲ್ಲ.”

“ಇರಲಿ.”

“ದೊಡ್ಡ ಮೇಡಂ ಹೇಳಿದ್ರಾ?”

ಅವನು ಕಿಟಕಿಯ ಕಡೆ ನೋಡಿದ. “ಹೂಂ.”

ನನ್ನನ್ನು ನೋಡದೆ ಅವನು ಉತ್ತರ ಕೊಟ್ಟದ್ದು ಅದೇ ಮೊದಲು. ಅವನು ಹೋದ ಮೇಲೆ ಆ ಪದವನ್ನೇ ದಿಟ್ಟಿಸುತ್ತ ಕುಳಿತೆ. ಯಾರೂ ಅನುಮಾನಪಡದ ಕಡೆ ‘ಸ್ವತಃ’ ಎನ್ನುವ ಅಗತ್ಯವೇ ಬೀಳುವುದಿಲ್ಲ. ನಾನೇ ಅಡುಗೆ ಮಾಡಿದೆ ಎಂದು ಯಾರೂ ಸುಮ್ಮನೆ ಹೇಳಿಕೊಳ್ಳುವುದಿಲ್ಲ, ಬೇರೆ ಯಾರೋ ಮಾಡಿರಬೇಕು ಎಂದು ಎದುರಿಗಿದ್ದವರು ಅಂದುಕೊಂಡಿದ್ದರೆ ಮಾತ್ರ ಹೇಳುತ್ತಾರೆ.

ಮನೆಯಲ್ಲಿ ಅಕ್ಕ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಅನ್ನದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

“ಏನೇ, ಮುಖ ಹೀಗ್ಯಾಕಾಗಿದೆ?”

“ಒಂದು ಪದ ಅಕ್ಕ. ಸರಿ ಕೂರ್ತಿಲ್ಲ.”

“ಪದಾನಾ, ಪಾಚೀನಾ?”

“ಅಕ್ಕಾ!”

“ನನ್ಮೇಲೆ ಯಾಕೆ ಕೂಗ್ತೀಯಾ? ಯಾರ ಬಗ್ಗೆ ಬರೆದೆಯೋ ಅವರನ್ನೇ ಹೋಗಿ ಕೇಳು. ಕೇಳದೆ ನೀನು ನಿದ್ದೆ ಮಾಡಲ್ಲ, ನನಗೂ ಮಾಡೋಕೆ ಬಿಡಲ್ಲ.”

ಮರುದಿನ ಮೂರನೆಯ ಪುಟ ಹಿಡಿದು ದೊಡ್ಡ ಮೇಡಂ ಲ್ಯಾಬಿಗೆ ಹೋದೆ. ಸಭೆಗೆ ಮುಂಚೆ ಪುಟವನ್ನು ಸನ್ಮಾನಿತರಿಗೆ ತೋರಿಸಿ ಒಪ್ಪಿಗೆ ಪಡೆಯುವುದು ಪದ್ಧತಿ. ಇಲ್ಲದ ನೆಪವನ್ನೇನೂ ನಾನು ಹುಡುಕಿಕೊಂಡಿರಲಿಲ್ಲ. ಆದರೂ ಕಳ್ಳಿಯ ಹಾಗೆ ಸದ್ದಾಗದಂತೆ ಮೆಟ್ಟಿಲು ಹತ್ತಿದೆ.

ಕೋಣೆಯ ತುಂಬ ಗಾಜಿನ ತಟ್ಟೆಗಳು, ತಟ್ಟೆಗಳಲ್ಲಿ ಕಂದುಬಣ್ಣದ ಒಣ ಪಾಚಿ. ಮೇಡಂ ಹಾಳೆಯನ್ನು ತೆಗೆದುಕೊಂಡು ಮುಖದಿಂದ ಪಕ್ಕಕ್ಕೆ ಸರಿಸಿ ಹಿಡಿದರು. ತಲೆ ಓರೆ ಮಾಡಿದರು. ಆಮೇಲೆ ನಕ್ಕು ವಾಪಸ್ ಕೊಟ್ಟರು.

“ಕಣ್ಣಿನ ನಡುಭಾಗ ಪೂರ್ತಿ ಮಬ್ಬು. ಅಂಚಿನಲ್ಲಿ ಮಾತ್ರ ಬೆಳಕಿದೆ. ಎರಡು ವರ್ಷ ಆಯ್ತು. ನೀನೇ ಓದಮ್ಮ.”

ಎರಡು ವರ್ಷ. ಪಾಚಿಯ ಮಡಿಕೆ ಸಿಕ್ಕಿದ್ದು ಹೋದ ವರ್ಷ, ಸೂಕ್ಷ್ಮದರ್ಶಕದಲ್ಲಿ.

ಓದತೊಡಗಿದೆ. ‘ಅವರು’ ಎಂಬಲ್ಲಿಗೆ ಬಂದಾಗ ನಾಲಿಗೆ ಮುಂದೆ ಹೋಗಲಿಲ್ಲ.

“ಯಾಕೆ ನಿಲ್ಲಿಸಿದೆ?”

“ಮೇಡಂ, ಇಲ್ಲಿ ‘ಅವರು’ ಅಂತ ಇದೆ. ಆ ‘ಅವರು’ ಎಷ್ಟು ಜನ?”

“ವ್ಯಾಕರಣದ ಪ್ರಶ್ನೆಯಾ?”

“ಹೌದು… ಅಲ್ಲ.”

ಅವರು ನನ್ನ ಕಿವಿಯ ಕಡೆ ನೋಡಿದರು. ನನ್ನ ಮುಖ ಕಾಣಬೇಕಾದರೆ ಹಾಗೆ ನೋಡಬೇಕಿತ್ತು.

“ಇಬ್ಬರು ಕಣಮ್ಮ. ಎಲ್ಲಿ ಹುಡುಕಬೇಕು ಅಂತ ಹೇಳಿದ್ದು ನಾನು. ಆ ಕುರ್ಚಿಯಲ್ಲಿ ಕೂತು ನೋಡಿದ್ದು ಅವನು. ‘ಮೇಡಂ, ಮಡಚಿಕೊಳ್ತಿದೆ’ ಅಂತ ಕೂಗಿದ. ಅದರ ಅರ್ಥ ಏನು ಅಂತ ನನಗೆ ಹೊಳೀತು. ಕಂಡಿದ್ದು ಅವನು, ಹಿಡಿದಿದ್ದು ನಾನು. ಯಾಕೆ, ಯಾರಿಗೆ ಅನುಮಾನ ಬಂತು?”

“ಹಾಗಾದ್ರೆ ‘ಸ್ವತಃ’ ಅಂತ ಸೇರಿಸಿ ಅಂದಿದ್ದು ನೀವಲ್ವಾ?”

ಬಾಗಿಲಲ್ಲಿ ಸದ್ದಾಯಿತು. ಪಾಚಿ ಎರಡು ಕೈಯಲ್ಲೂ ಟೀ ಲೋಟ ಹಿಡಿದು ನಿಂತಿದ್ದ. ಒಂದು ಲೋಟದಿಂದ ಟೀ ತುಳುಕಿ ಅವನ ಬೆರಳ ಮೇಲೆ ಇಳಿಯುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ನಾನು ಹೊರಗೆ ಬಂದಾಗ ಅವನೂ ಹಿಂದೆಯೇ ಬಂದ.

“ನಿಮ್ಮನ್ನ ಯಾರು ಕೇಳೋಕೆ ಹೇಳಿದ್ರು?”

“ನೀವು ನನ್ನ ಹತ್ರ ಸುಳ್ಳು ಹೇಳಿದ್ರಿ.”

“ಪದಕ ಒಬ್ಬರ ಸಾಧನೆಗೆ ಅಂತ ನಿಮ್ಮ ಮಂಡಳಿಯದೇ ನಿಯಮ. ಕಣ್ಣು ಕಾಣದವರು ಹೇಗೆ ಕಂಡುಹಿಡಿದ್ರು ಅಂತ ಆಯ್ಕೆ ಸಮಿತಿಯಲ್ಲಿ ಒಬ್ಬರು ಆಗಲೇ ಗೊಣಗಿದ್ದಾರೆ. ಇಬ್ಬರು ಅಂದ ತಕ್ಷಣ ಪದಕ ಕೈತಪ್ಪತ್ತೆ. ಜೀವಮಾನ ಪೂರ್ತಿ ದುಡಿದಿದ್ದಾರೆ, ಇನ್ನೊಂದ್ಸಲ ಇಂಥದ್ದು ಬರಲ್ಲ. ನನಗೇನು, ವಯಸ್ಸಿದೆ.”

“ಅದಕ್ಕೆ ನಿಮ್ಮನ್ನೇ ಅಳಿಸಿಬಿಡೋದಾ?”

“ನನ್ನದನ್ನ ನಾನು ಅಳಿಸ್ತೀನಿ. ನಿಮಗೇನು?” ಅವನು ನನ್ನ ಕೈಯಲ್ಲಿದ್ದ ಹಾಳೆಯತ್ತ ಬೆರಳು ಮಾಡಿದ. “ನಿಮಗೆ ವಾಕ್ಯ ಸರಿ ಇದ್ರೆ ಸಾಕು. ಮನುಷ್ಯರು ಏನಾದ್ರೂ ಆಗ್ಲಿ.”

ಒಂದು ವೇಳೆ ಅದು ನಿಜವೇ ಇರಬಹುದೇನೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಸಭೆಯ ಸಂಜೆ ವೇದಿಕೆಯ ಹಿಂದಿನ ಕೋಣೆಯಲ್ಲಿ ನಮ್ಮ ಕಾರ್ಯದರ್ಶಿಗಳು ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದರು. ಮೇಡಂ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಪರದೆಯಾಚೆ ಸಭಾಂಗಣ ತುಂಬಿ ಗುಜುಗುಜು ಎನ್ನುತ್ತಿತ್ತು. ಕೆಸರಿನ ಪುಟವನ್ನೂ ಮಣ್ಣಿನ ಗುಂಡುಗಳ ಪುಟವನ್ನೂ ಓದಿ ಬಂದಾಗಿತ್ತು. ಯಾರೋ ಅತಿಥಿಗಳು ಮಾತಾಡುತ್ತಿದ್ದರು. ಅವರ ಮಾತು ಮುಗಿದರೆ ಮೂರನೆಯ ಪುಟ.

“ಬಂದೆಯಾ ಕಾಗುಣಿತ!” ಎಂದರು ಕಾರ್ಯದರ್ಶಿ. “ನೋಡಿದೆಯಾ ನಿನ್ನ ಪ್ರಶ್ನೆ ಮಾಡಿದ ಕೆಲಸ? ‘ಸ್ವತಃ’ ಅಂತ ಓದಿದ್ರೆ ವೇದಿಕೆಗೆ ಬರಲ್ಲ ಅಂತಿದ್ದಾರೆ ಮೇಡಂ. ಇಬ್ಬರು ಅಂತ ಓದಿದ್ರೆ ನಿಯಮ ನನ್ನ ಕುತ್ತಿಗೆ ಹಿಡಿಯತ್ತೆ. ನಾನು ಏನು ಮಾಡ್ಲಿ, ಪರದೆಗೆ ಪದಕ ಹಾಕ್ಲಾ?”

ಈ ಕೆಲಸ ಇವತ್ತೇ ಹೋಯಿತು ಎಂದುಕೊಂಡೆ. ಅವನ ಮಾತೂ ಕಿವಿಯಲ್ಲಿತ್ತು, ಮನುಷ್ಯರು ಏನಾದ್ರೂ ಆಗ್ಲಿ. ಹಾಳೆಯನ್ನು ಮತ್ತೆ ನೋಡಿದೆ. ಇಷ್ಟು ದಿನ ಕಾಡಿದ ವಾಕ್ಯ ಅಲ್ಲೇ ಇತ್ತು.

“ಸರ್, ‘ಸ್ವತಃ’ ತೆಗೆದುಬಿಟ್ರೆ? ಬರೀ ‘ಅವರು’ ಅಂತ ಇದ್ರೆ, ಮರ್ಯಾದೆ ಕೊಟ್ಟು ಒಬ್ಬರಿಗೆ ಅಂದ ಹಾಗೂ ಆಗತ್ತೆ, ಇಬ್ಬರಿಗೆ ಅಂದ ಹಾಗೂ ಆಗತ್ತೆ. ನಾನು ಮೊದಲು ಬರೆದಿದ್ದು ಹಾಗೇ.”

ಕಾರ್ಯದರ್ಶಿ ನಿಂತರು. “ನಿಯಮಕ್ಕೆ ಒಬ್ಬರು. ಮೇಡಂಗೆ ಇಬ್ಬರು.” ಅವರ ಹಣೆಯ ಬೆವರು ಅಲ್ಲಿಯೇ ಆರುವಂತೆ ಕಂಡಿತು.

“ಇದು ಕಳ್ಳಾಟ,” ಎಂದರು ಮೇಡಂ.

“ಕಳ್ಳಾಟವೇ ಮೇಡಂ,” ಎಂದೆ. ಅಳು ಬರುವ ಹಾಗಿತ್ತು. “ಆದ್ರೆ ಸುಳ್ಳಲ್ಲ.”

ಅವರು ನನ್ನ ಕಿವಿಯ ಕಡೆ ನೋಡಿದರು. “ಸರಿ, ಓದು. ಆದ್ರೆ ಆ ‘ಅವರು’ ಬಂದಾಗ ನನ್ನೊಬ್ಬಳನ್ನೇ ನೋಡಬಾರದು. ಅವನು ಎಲ್ಲಿದ್ದಾನೋ ಅಲ್ಲೂ ನೋಡಬೇಕು. ಉಳಿದಿದ್ದನ್ನ ಮೈಕ್ ಕೈಗೆ ಬಂದಾಗ ನಾನು ಹೇಳ್ತೀನಿ.”

“ಪದಕ ಕೊರಳಿಗೆ ಬಿದ್ದ ಮೇಲೆ ಏನು ಬೇಕಾದ್ರೂ ಹೇಳಿ ತಾಯಿ,” ಎಂದು ಕಾರ್ಯದರ್ಶಿ ಕೈಮುಗಿದರು.

ಅವನು ಎಲ್ಲಿದ್ದಾನೋ! ಬಂದಿದ್ದಾನೆಯೇ ಎಂಬುದೇ ನನಗೆ ಗೊತ್ತಿರಲಿಲ್ಲ.

ಮೈಕಿನ ಮುಂದೆ ನಿಂತು ಓದುತ್ತ, ಪ್ರತಿ ವಾಕ್ಯದ ಕೊನೆಗೆ ಒಂದೊಂದು ಸಾಲಿನಲ್ಲಿ ಅವನನ್ನು ಹುಡುಕಿದೆ. ಮುಂದಿನ ಸಾಲಿನಲ್ಲಿಲ್ಲ. ನಡುವಿನಲ್ಲಿಲ್ಲ. ಪಕ್ಕದ ಕುರ್ಚಿಗಳಲ್ಲಿ ಎಲ್ಲ ಅಪರಿಚಿತ ಮುಖಗಳು. ಇನ್ನು ಒಂದೇ ವಾಕ್ಯ ಉಳಿದಿತ್ತು. ಆಗ ಕಂಡ, ಸಭಾಂಗಣದ ಕೊನೆಯಲ್ಲಿ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ. ‘ಸ್ವತಃ’ ಎಂಬ ಪದ ಕೇಳಿಸಿಕೊಂಡು ಹೊರಟುಹೋಗಲು ಕಾದಿದ್ದ.

“ಒಣಗಿದ ಪಾಚಿ ಮತ್ತೆ ಬದುಕುವ ಬಗೆಯನ್ನು,” ಎಂದು ಓದಿದೆ, “ಅವರು…”

ನಿಲ್ಲಿಸಿದೆ. ಮೇಡಂ ಕಡೆ ನೋಡಿದೆ. ಆಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡಿದೆ.

ಮೈಕಿನಲ್ಲಿ ನನ್ನ ಉಸಿರು ಕೇಳಿಸುತ್ತಿತ್ತು. ಮುಂದಿನ ಸಾಲಿನವರು ನಾನೇನು ನೋಡುತ್ತಿದ್ದೇನೆಂದು ತಿರುಗಿದರು. ಅವರನ್ನು ನೋಡಿ ಹಿಂದಿನ ಸಾಲಿನವರು ತಿರುಗಿದರು. ಸಾಲು ಸಾಲಾಗಿ ಕತ್ತುಗಳು ಹೊರಳುತ್ತ ಬಾಗಿಲವರೆಗೂ ಹೋದವು. ಬರಬೇಕಾದ ಪದ ಬರಲಿಲ್ಲವೆಂದು ಅವನು ತಲೆಯೆತ್ತಿದ.

ಮೊದಲು ಅವನಿಗೆ ತಿಳಿಯಲಿಲ್ಲ. ಹುಬ್ಬು ಗಂಟಿಕ್ಕಿದ. ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ, ಅಲ್ಲಿ ಬಾಗಿಲು ಬಿಟ್ಟು ಏನೂ ಇರಲಿಲ್ಲ. ಮತ್ತೆ ನನ್ನನ್ನು ನೋಡಿದ. ಆ ಮುಖದ ಗಂಟು ಒಂದೊಂದು ಮಡಿಕೆಯಾಗಿ ಬಿಚ್ಚಿಕೊಳ್ಳುವುದನ್ನು ಅಷ್ಟು ದೂರದಿಂದಲೂ ಕಂಡೆ. ಎಲ್ಲೂ ಹರಿಯಲಿಲ್ಲ. ಹಿಡಿಯ ಮೇಲಿನ ಕೈ ತಾನಾಗಿ ಕೆಳಗಿಳಿಯಿತು.

“…ಕಂಡುಹಿಡಿದರು.”

ಆಮೇಲೆ ಮೇಡಂ ಮಾತಾಡಿದ್ದು ತೀರ ಚಿಕ್ಕದು. ಪದಕವನ್ನು ಬೆರಳಲ್ಲಿ ಸವರಿ, “ಈಗ ಓದಿದ ವಾಕ್ಯದಲ್ಲಿ ಕಂಡವನು ಆ ಬಾಗಿಲ ಹತ್ತಿರ ನಿಂತಿದ್ದಾನೆ. ಹಿಡಿದವಳು ನಾನು. ಒಬ್ಬರೇ ಆಗಿದ್ದರೆ ಇದು ಆಗುತ್ತಲೇ ಇರಲಿಲ್ಲ,” ಎಂದರು. ಗೊಣಗಿದ್ದ ಸಮಿತಿ ಸದಸ್ಯರು ಯಾರೋ ನನಗೆ ಗೊತ್ತಿಲ್ಲ, ಚಪ್ಪಾಳೆ ತಟ್ಟದ ಕೈ ನನಗಂತೂ ಕಾಣಲಿಲ್ಲ. ಕಾರ್ಯದರ್ಶಿಗಳು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಜನ ಕರಗಿದ ಮೇಲೆ ನಾನು ಮೈಕಿನ ಬಳಿ ಹಾಳೆಗಳನ್ನು ಜೋಡಿಸುತ್ತಿದ್ದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದೆ. ಅವನು ವೇದಿಕೆಯ ಕೆಳಗೆ ಬಂದು ನಿಂತ.

“ಒಂದು ಪದಕ್ಕೆ ಅಷ್ಟು ಹೊತ್ತು ನೋಡಬೇಕಿತ್ತಾ?”

“ದೊಡ್ಡ ಮೇಡಂ ನೋಡು ಅಂದ್ರು.”

“ಅಷ್ಟು ಹೊತ್ತು ಅಂದ್ರಾ?”

“ಇಲ್ಲ.” ಹಾಳೆಗಳ ಅಂಚು ಸರಿಮಾಡಿದೆ. “ಅದು ನಾನು ಸ್ವತಃ.”

ಅವನು ನಕ್ಕ, ತುಟಿಯ ಎರಡೂ ಕೊನೆಗಳಲ್ಲಿ. ಆಮೇಲೆ ನಗು ನಿಂತಿತು.

“ಮನುಷ್ಯರು ಏನಾದ್ರೂ ಆಗ್ಲಿ ಅಂದೆನಲ್ಲ. ಅದು ತಪ್ಪು. ಅಳಿಸಿಬಿಡಿ.”

“ಪೆನ್ಸಿಲ್‌ನಲ್ಲಿ ಹೇಳಿದ್ರಾ, ಪೆನ್ನಲ್ಲಾ?”

“ಅದು ಪೆನ್ಸಿಲ್. ಪೆನ್ನಲ್ಲಿ ಹೇಳೋದು ಬೇರೆ ಇದೆ.” ಗಂಟಲು ಸರಿಮಾಡಿಕೊಂಡ. “ನನಗೆ ನೀವು ಇಷ್ಟ.”

ಆಗಲೂ ಹುಟ್ಟುಗುಣ ಬಿಡಲಿಲ್ಲ. “ಈ ‘ನೀವು’ ಎಷ್ಟು ಜನ?”

“ಒಬ್ಬಳು,” ಎಂದ. ಕಣ್ಣು ಕದಲಿಸಲಿಲ್ಲ. “ನೀನು.”

ವೇದಿಕೆಯ ಮೂರು ಮೆಟ್ಟಿಲು ನಾನು ಹೇಗೆ ಇಳಿದೆನೋ ನೆನಪಿಲ್ಲ. ಅವನು ಜೇಬಿನಿಂದ ಕರ್ಚೀಫು ತೆಗೆದು ಕೊಟ್ಟಾಗಲೇ ನನ್ನ ಕಣ್ಣು ಒದ್ದೆಯಾಗಿದ್ದು ತಿಳಿದದ್ದು. ಅದರ ಮಡಿಕೆಗಳು ಅದೇ ಗೆರೆಯಲ್ಲಿದ್ದವು.

“ಏಯ್, ಪಾಚಿ!” ಬಾಗಿಲಿಂದ ಮೇಡಂ ದನಿ ಬಂತು. ನಾವು ಇಟ್ಟ ಹೆಸರು ಅವರವರೆಗೂ ಹೋಗಿತ್ತು. “ನನ್ನನ್ನ ಮನೆಗೆ ಬಿಡೋ ಯೋಚನೆ ಇದೆಯೋ, ಇಲ್ಲವೋ?”

“ಬಂದ್ವಿ ಮೇಡಂ,” ಎಂದು ಅವನು ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದ: “ಅವರನ್ನ ಬಿಟ್ಟು, ಆಮೇಲೆ ನಾವು ನಡ್ಕೊಂಡು ಹೋಗೋಣ.”

ಆ ‘ನಾವು’ ಎಷ್ಟು ಜನ ಎಂದು ನಾನು ಕೇಳಲಿಲ್ಲ.