ಚಿಗರಿಯ ಕೊರಳಿನ ಹಸಿರು ದೀಪ

ಗಾಳಿಗುಡ್ಡದ ಕಾಲುದಾರಿಯ ಎರಡೂ ಬದಿಗೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಎಸಳುಗಳ ತುದಿಯಲ್ಲಿ ಉಣ್ಣಿಗಳು ಮುಂಗಾಲು ಚಾಚಿ ಕಾಯುತ್ತಿದ್ದವು. ಚಿಗರಿ ಎಂಬ ಕೆಂದು ನಾಯಿ ಚಾರಣಿಗರ ಮುಂದೆ ಓಡಿ ಬಂದಾಗ ಅವೆಲ್ಲ ಕಾಲು ಮಡಚಿ ಎಸಳಿಗೇ ಅಂಟಿಕೊಂಡವು. ನಾಯಿ ದಾಟಿ ಹೋಯಿತು. ಅದರ ಕೊರಳ ಪಟ್ಟಿಯಲ್ಲಿದ್ದ ಕಡಲೆಕಾಳಿನಷ್ಟು ದೀಪ ಹಸಿರಾಗಿಯೇ ಇತ್ತು.

ಅದು ಡಾ. ಅಚ್ಯುತ ಕಟ್ಟಿ ಕಂಡುಹಿಡಿದ ಉಣ್ಣಿತಡೆ ಪಟ್ಟಿ. ಬರುವ ಪ್ರಾಣಿಯ ಉಸಿರು, ಮೈಕಾವು, ಹೆಜ್ಜೆಯ ನಡುಕ ಎಲ್ಲವನ್ನೂ ಉಣ್ಣಿ ಕಾಲುಗಳಿಂದಲೇ ಅರಿಯುತ್ತದೆ. ಪಟ್ಟಿ ಹೊರಡಿಸುವ ಸೂಕ್ಷ್ಮ ಕಂಪನ ನಾಯಿಯ ಸುತ್ತ ಒಂದು ‘ಹುಸಿಗಾಳಿ ವಲಯ’ ಕಟ್ಟುತ್ತಿತ್ತು. ಬಿರುಗಾಳಿ ಬಂತೆಂದು ಬಗೆದ ಉಣ್ಣಿ ನಾಯಿಯನ್ನು ಹಿಡಿಯದೆ ಹುಲ್ಲನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ತಪ್ಪಿ ಒಂದು ಹತ್ತಿದರೂ ದೀಪ ಕೆಂಪಾಗಬೇಕು. ಆದರೆ ಕೆಂಪು ದೀಪವನ್ನು ಆ ಗುಡ್ಡದಲ್ಲಿ ಯಾರೂ ಕಂಡಿರಲಿಲ್ಲ.

ಪಟ್ಟಿ ಬರುವ ಮೊದಲು ಗುಡ್ಡದ ಬುಡದಲ್ಲಿ ಒಂದು ಪದ್ಧತಿಯಿತ್ತು. ಅಲ್ಲಿ ಚಹಾ, ಗಿರ್ಮಿಟ್ ಮಾರುವ ನೀಲವ್ವ ಚಿಗರಿಯ ಒಡತಿ. ನಾಯಿಗಳೊಂದಿಗೆ ಗುಡ್ಡ ಇಳಿದು ಬಂದವರ ಮುಂದೆ ಅವಳು ಮೊದಲು ಇಡುತ್ತಿದ್ದದ್ದು ಕಪ್ಪನ್ನಲ್ಲ, ಉಪ್ಪುನೀರು ತುಂಬಿದ ಕರಟವನ್ನು.

“ಮದಲ ನಾಯಿ ನೋಡ್ರಿ. ಆಮ್ಯಾಲೆ ಚಾ.”

“ಚಾ ಕುಡ್ಯಾಕೂ ಪರೀಕ್ಷಾ ಪಾಸಾಗಬೇಕೇನ್ರಿ ಯಕ್ಕಾ?”

“ನೀವಲ್ಲರಿ, ನಿಮ್ಮ ನಾಯಿ ಪಾಸಾಗಬೇಕು.”

ಅಂಗಡಿ ಮುಂದಿನ ಕಟ್ಟೆಯ ಮೇಲೆ ಎಲ್ಲರೂ ನಾಯಿಗಳನ್ನು ತೊಡೆಗೆ ಎಳೆದುಕೊಂಡು ಕಿವಿಯ ಮಡಿಕೆ, ಕಂಕುಳು, ಬೆರಳ ಸಂದು ತಡವುತ್ತಿದ್ದರು. ಸಿಕ್ಕ ಉಣ್ಣಿ ಕರಟಕ್ಕೆ ಬೀಳುತ್ತಿತ್ತು. ನಾಯಿಗಳು ಅಲ್ಲಿಯೇ ನಿದ್ದೆ ಹೋಗುತ್ತಿದ್ದವು.

ಚಿಗರಿಗೆ ಪಟ್ಟಿ ಕಟ್ಟಿದವರು ಸ್ವತಃ ಕಟ್ಟಿಯವರೇ. “ಇನ್ನ ಈ ಹೊಲಸು ಕೆಲಸ ಬಿಡ್ರಿ, ನೀಲವ್ವ. ದೀಪ ನೋಡಿದ್ರ ಸಾಕು. ನಾಯಿ ನೋಡೋ ಜರೂರನ ಇಲ್ಲ” ಎಂದಿದ್ದರು. ನೀಲವ್ವನಿಗೂ ಅದು ಹಿತವೆನಿಸಿತು. ಉಳಿದ ನಾಯಿಗಳಿಗೂ ಪಟ್ಟಿ ಬಂತು, ಕರಟ ಪಾತ್ರೆ ತಿಕ್ಕುವ ಬೂದಿ ಇಡಲು ಹೋಯಿತು.

ಸುಗ್ಗಿ ಮುಗಿದು ಹುಲ್ಲು ಒಣಗಿದಾಗ ಚಿಗರಿ ಕುಂಟತೊಡಗಿತು. ನೀಲವ್ವ ನೋಡಿದಳು, ದೀಪ ಹಸಿರಾಗಿತ್ತು. ನಾಯಿ ಉಣ್ಣುವುದು ಬಿಟ್ಟಿತು. ಬಿಸಿಲಿನ ಕಾಟವೆಂದುಕೊಂಡಳು, ದೀಪ ಹಸಿರಾಗಿತ್ತು. ವಾಸನೆ ಬಂದ ಮೇಲೆ ಎತ್ತಿಕೊಂಡು ದನದ ದವಾಖಾನೆಗೆ ಓಡಿದಳು. ಬೆರಳ ಸಂದಿನಲ್ಲಿ ಚುಚ್ಚಿದ ಹುಲ್ಲಿನ ಮುಳ್ಳುಬೀಜ ಮಾಂಸದೊಳಗೇ ಮೇಲೇರಿ ಇಡೀ ಕಾಲು ಕೊಳೆತಿತ್ತು. “ಮದಲ ಕೈಗೆ ಹತ್ತಿದ್ದರ ಚಿಮಟಿಗಿಲೆ ತಗದು ಒಗೀತಿದ್ದೆ” ಎಂದ ವೈದ್ಯ ಅವಳ ಮುಖ ನೋಡಲಿಲ್ಲ.

ಚಿಗರಿ ಉಳಿಯಲಿಲ್ಲ.

ಮುಂದಿನ ಭಾನುವಾರ ಕಟ್ಟಿ ತಮ್ಮ ನಾಯಿ ರೂಬಿಯೊಂದಿಗೆ ಗುಡ್ಡ ಇಳಿದು ಬಂದರು. ನೀಲವ್ವ ಪಟ್ಟಿಯನ್ನು ಅವರ ಎದೆಗೆ ಎಸೆದಳು.

“ಕುಣ್ಯಾಗ ಇಡೋ ಮುಂದ ಬಿಚ್ಚೀನಿ. ಸತ್ತ ನಾಯಿ ಕೊಳ್ಳಾಗೂ ಹಸರ. ನೋಡ್ರಿ, ಈಗೂ ಹಸರ!”

“ಸುದ್ದಿ ಕೇಳಿ ಭಾಳ ಕೆಟ್ಟ ಅನಸ್ತು, ನೀಲವ್ವ. ಆದ್ರ ಪಟ್ಟೀದು ತಪ್ಪಿಲ್ಲ. ಒಂದ ಉಣ್ಣೀನೂ ಹತ್ತಿರಲಿಲ್ಲ.”

“ಹತ್ತಿರಲಿಲ್ಲರಿ! ಭಾಳ ಸ್ವಚ್ಛ ಸತ್ತತು!”

ಕಟ್ಟೆಯ ಮೇಲಿದ್ದವರು ತಿರುಗಿ ನೋಡಿದರು. ಕಟ್ಟಿಯವರಿಗೂ ರೇಗಿತು.

“ದಿನಾ ನಿಮ್ಮ ಕಾಲಾಗ ಮಲಗೋ ನಾಯಿ. ನೀವರೆ ಒಮ್ಮೆ ಮುಟ್ಟಿ ನೋಡಬಾರದಿತ್ತೇನು?”

ನೀಲವ್ವ ಸೌಟನ್ನು ಪಾತ್ರೆಗೆ ಬಡಿದ ಸದ್ದಿಗೆ ನಾಯಿಗಳೆಲ್ಲ ತಲೆಯೆತ್ತಿದವು.

“ಮುಟ್ಟಲಿಲ್ಲ. ಕುಂಟೋದು ಕಂಡೀನಿ, ದೀಪ ನೋಡೀನಿ, ಸುಮ್ಮನಾಗೀನಿ. ಆ ಸಿಟ್ಟು ಎಲ್ಲಿಡ್ಲಿ ನಾನು? ಅರ್ಧ ನಂದು. ಇನ್ನರ್ಧ ನಿಮ್ಮದು, ತಗೋರಿ!”

ಕಟ್ಟಿ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ, “ಮುಂದಿನ ಪಟ್ಟಿಗೆ ಬಾವು ತಿಳಿಯೋ ಸಾಧನಾನೂ ಕೂಡಸ್ತೀನಿ. ಗಾಯ ಆದ್ರ ಹಳದಿ ದೀಪ ಹತ್ತತದ” ಎಂದರು.

“ಇನ್ನೊಂದು ದೀಪ!”

ಅವಳು ಒಳಗೆ ಹೋಗಿ ಕರಟದ ಬೂದಿ ಚೆಲ್ಲಿ, ಉಪ್ಪುನೀರು ಸುರಿದು ತಂದು ಅವರ ಮುಂದೆ ಕುಕ್ಕಿದಳು.

“ಮದಲ ನಾಯಿ ನೋಡ್ರಿ.”

“ಇದರ ಮೈಮ್ಯಾಲೆ ಉಣ್ಣಿ ಇಲ್ಲಲ್ಲ, ಏನು ನೋಡ್ಲಿ?”

“ಕರಟ ಖಾಲಿ ಇದ್ರ ಇರಲಿ. ಮೈ ಮುಟ್ರಿ.”

ಕಟ್ಟಿ ಕಟ್ಟೆಯ ಮೇಲೆ ಕೂತು ರೂಬಿಯ ಮುಂಗಾಲಿಗೆ ಕೈ ಹಾಕಿದರು. ರೂಬಿ ಕಾಲು ಕಸಿದುಕೊಂಡಿತು. ಕಿವಿ ಮುಟ್ಟಿದರೆ ಹಲ್ಲು ತೋರಿಸಿ ಗುರುಗುಟ್ಟಿತು. ಎಲ್ಲಿಯೂ ಗಾಯವಿರಲಿಲ್ಲ. ಗುರುತಿಲ್ಲದವರ ಕೈ ಕಂಡರೆ ನಾಯಿ ಹಾಗೆ ಮಾಡುತ್ತದೆ. ಪಟ್ಟಿ ಬರುವ ಮೊದಲು ಇದೇ ಕಟ್ಟೆಯಲ್ಲಿ, ಇದೇ ಕೈಯ ಕೆಳಗೆ ಅದು ಗೊರಕೆ ಹೊಡೆಯುತ್ತಿತ್ತು.

ಸುತ್ತ ಕೂತವರು ಕಪ್ಪು ಕೆಳಗಿಟ್ಟು ತಮ್ಮ ತಮ್ಮ ನಾಯಿಗಳ ಕಡೆ ನೋಡಿದರು. ಯಾರೂ ಕೈ ಮುಂದೆ ಮಾಡಲಿಲ್ಲ.

“ಕಚ್ಚತದ ಇದು” ಎಂದರು ಕಟ್ಟಿ. ಅವರ ದನಿ ಸಣ್ಣಗಾಗಿತ್ತು.

“ಕಚ್ಚಲಿ.” ನೀಲವ್ವ ಒಲೆಯ ಉರಿ ಸಣ್ಣದು ಮಾಡಿದಳು, ಅವಳ ಮುಖದ ಬಿಗಿ ಸಡಿಲವಾಗಲಿಲ್ಲ. “ಚಾ ಒಲಿ ಮ್ಯಾಲೆ ಐತಿ, ಆರೂದಿಲ್ಲ. ಮತ್ತ ಚಾಚ್ರಿ ಕೈ.”

ಕಟ್ಟಿ ಮತ್ತೆ ಕೈ ಚಾಚಿದರು. ರೂಬಿ ಹಿಂದಕ್ಕೆ ಸರಿಯಿತು. ಅದರ ಕೊರಳಲ್ಲಿ ದೀಪ ಹಸಿರಾಗಿತ್ತು.