ಒಂದೇ ಮನೆಯವರಿಗೆ ಅವಕಾಶವಿಲ್ಲ

"ಅಡ್ಡ ಬರಬೇಡಿ... ಅಡ್ಡ ಬರಬೇಡೀ!"

ಹೇಳಿ ಮುಗಿಯುವಷ್ಟರಲ್ಲಿ ಡಿಕ್ಕಿ ಆಗಿಹೋಗಿತ್ತು.

ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ಕಾರಿಡಾರು. ಆರು ನಿಮಿಷದಲ್ಲಿ ಯಾರು ಎಷ್ಟು ದೂರ ನಡೆಯುತ್ತಾರೆಂದು ಅಳೆಯುವ ಪರೀಕ್ಷೆ ನಡೆದಿತ್ತು. ಆಕೆ ತುದಿ ಮುಟ್ಟಿ ತಿರುಗುವುದಕ್ಕೂ, ಪಕ್ಕದ ಸಾಲಿನ ಆ ಎತ್ತರದ ಮನುಷ್ಯ ತಿರುಗುವುದಕ್ಕೂ ಸರಿಹೋಯಿತು. ಆಕೆಯ ಹಣೆ ನೇರ ಅವರ ಎದೆಗೆ!

"ತಿರುವಲ್ಲಿ ನಿಧಾನ ಮಾಡ್ಬೇಕು ಕಣಮ್ಮಾ!" ಅವರು ಎದೆ ಉಜ್ಜಿಕೊಂಡರು. "ಮೂವತ್ನಾಲ್ಕು ವರ್ಷ ಬಸ್ ಓಡಿಸಿದೀನಿ, ಒಂದು ಗೀರು ಬಿದ್ದಿರ್ಲಿಲ್ಲ..."

"ಈಗ ಬಿತ್ತಲ್ಲ! ಸರೀರಿ ಆಚೆ, ನನ್ನ ಟೈಮ್ ಹೋಗ್ತಿದೆ!"

ಗಡಿಯಾರ ಹಿಡಿದು ನಿಂತಿದ್ದ ಸಿಸ್ಟರು ನಗು ತಡೆಯಲಾರದೆ ಗೋಡೆ ಕಡೆ ಮುಖ ಮಾಡಿದರು.

ಆಕೆ ನಡೆದದ್ದು ನಾನೂರ ಅರವತ್ತು ಮೀಟರು. ಅವರು ನಾನೂರ ಐವತ್ತೆರಡು.

"ಎಂಟು ಮೀಟರ್ ನಿಮ್ಮಿಂದ ಹೋಯ್ತು," ಅಂದರು ಡ್ರೈವರು.

"ಎಂಟು ಮೀಟರ್ ಬಟ್ಟೆ ಆಗಿದ್ರೆ ಕೊಡ್ತಿದ್ದೆ," ಅಂದರು ಟೈಲರಮ್ಮ.

ನಲವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದ ಕೈ ಅದು. ಈಗ ವಯಸ್ಸು ಅರವತ್ತಾರು. ಬಿಪಿ ಇಲ್ಲ, ಶುಗರ್ ಇಲ್ಲ. ಆದರೂ ಕಳೆದ ವರ್ಷ ಮಗಳು ಪ್ರೀತಿಯಿಂದಲೇ ಕೈಯಿಂದ ಕತ್ತರಿ ತೆಗೆದಿಟ್ಟಿದ್ದಳು. "ಸಾಕಮ್ಮ, ಎಷ್ಟು ದುಡೀತೀಯ? ಇನ್ನು ಕೂತ್ಕೋ."

ಅಂದಿನಿಂದ ಎಲ್ಲರದೂ ಒಂದೇ ಮಾತು. ಕೂತ್ಕೋ. ಅಳಿಯನೂ ಹೇಳಿದ, ಪಕ್ಕದ ಮನೆಯವರೂ ಹೇಳಿದರು. ಕೂರುವುದಕ್ಕೇ ಹುಟ್ಟಿದವಳೇನೋ ಎನ್ನುವ ಹಾಗೆ!

ಅದಕ್ಕೇ ಆಸ್ಪತ್ರೆಯ ಬಾಗಿಲಲ್ಲಿ ಆ ಕಾಗದ ಕಂಡ ದಿನವೇ ಆಕೆ ಹೆಸರು ಬರೆಸಿದ್ದು. ಅರವತ್ತೈದು ದಾಟಿದ, ಆರೋಗ್ಯವಾಗಿರುವವರು ಬೇಕಿದ್ದರು. ವಯಸ್ಸಾಗುವ ವೇಗವನ್ನು ತಗ್ಗಿಸಬಹುದಾದ ಒಂದು ಮಾತ್ರೆಯ ಪರೀಕ್ಷೆ, ಎರಡು ವರ್ಷ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ಹಾಗೇ ಕಾಣುವ ಹುಸಿ ಮಾತ್ರೆ. ಯಾರದು ಯಾವುದು ಅಂತ ಕೊಡುವ ಸಿಸ್ಟರಿಗೂ ಗೊತ್ತಿಲ್ಲ.

"ತಗ್ಗಿಸಬಹುದು ಅಂದೆ, ತಗ್ಗಿಸುತ್ತೆ ಅನ್ಲಿಲ್ಲ," ಡಾಕ್ಟರು ಎರಡೆರಡು ಸಲ ಹೇಳಿದ್ದರು. "ಯಾಕೆ ಸೇರ್ತಿದೀರಿ?"

"ಕೂತು ಕೂತು ಸಾಕಾಗಿದೆ ಡಾಕ್ಟ್ರೇ."

*

ತಿಂಗಳಿಗೊಮ್ಮೆ ಪರೀಕ್ಷೆ. ರಕ್ತ ಕೊಡಬೇಕು, ನಡೆಯಬೇಕು, ಉಳಿದ ಮಾತ್ರೆಗಳ ಡಬ್ಬಿ ತಂದು ಎಣಿಸಲು ಕೊಡಬೇಕು. ಅದಾದ ಮೇಲೆ ಕೆಳಗಿನ ಕ್ಯಾಂಟೀನಿನಲ್ಲಿ ಟೀ.

ಮೊದಲ ತಿಂಗಳು ಬೇರೆ ಬೇರೆ ಮೇಜು. ಎರಡನೇ ತಿಂಗಳು ಒಂದೇ ಮೇಜು. ಮೂರನೇ ತಿಂಗಳು ಆಕೆ ಬರುವುದು ತಡವಾದರೆ ಅವರು ಟೀ ಹೇಳದೆ ಕಾಯುತ್ತಿದ್ದರು. ಹೆಂಡತಿ ಹೋಗಿ ಒಂಬತ್ತು ವರ್ಷವಾಯಿತೆಂದೂ, ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿದ್ದೇನೆಂದೂ, ಬೆಳಿಗ್ಗೆ ಮೈದಾನದಲ್ಲಿ ಜನಕ್ಕೆ ಕಾರು ಕಲಿಸುತ್ತೇನೆಂದೂ ಹೇಳಿದರು.

ನಾಲ್ಕನೇ ತಿಂಗಳು, ಮಾತ್ರೆ ಎಣಿಕೆಗೆ ಕಾಯುತ್ತಾ ಕೂತಿದ್ದಾಗ ನೋಡಿದರೆ, ಅವರ ಅಂಗಿಯ ಜೇಬು ಹರಿದಿತ್ತು.

"ಇದೇನ್ರೀ ಅವತಾರ! ಅಲ್ಲಾಡಬೇಡಿ." ಆಕೆ ಪರ್ಸಿನಿಂದ ಸೂಜಿ ದಾರ ತೆಗೆದರು. ಅಂಗಿ ಮೈಮೇಲಿರುವಾಗಲೇ ಹೊಲಿಯತೊಡಗಿದರು. "ಚುಚ್ಚೀತು..."

"ಚುಚ್ಲಿ ಬಿಡಿ," ಅಂದರು ಅವರು ಮೆಲ್ಲಗೆ.

ಆಕೆಯ ಬೆರಳು ಒಂದು ಕ್ಷಣ ನಿಂತಿತು. ಬಟ್ಟೆಯ ಕೆಳಗೆ ಅವರ ಎದೆ ಹೊಡೆದುಕೊಳ್ಳುತ್ತಿತ್ತು. ದೇವರೇ... ನನ್ನದೂ!

ಜೇಬು ಖಾಲಿ ಮಾಡಬೇಕಲ್ಲ, ಅವರ ಮಾತ್ರೆ ಡಬ್ಬಿಯೂ ಆಕೆಯ ಚೀಲಕ್ಕೆ ಸೇರಿತು. ಎಣಿಸುವ ಕೋಣೆಯಲ್ಲಿ ಒಂದೇ ಚೀಲದಿಂದ ಎರಡು ಬಿಳಿ ಡಬ್ಬಿ ಹೊರಬಂದಾಗ ಸಿಸ್ಟರು ಹೌಹಾರಿದರು.

"ಏನಿದು! ಅದಲು ಬದಲಾದ್ರೆ ಪರೀಕ್ಷೆನೇ ಹಾಳು! ಇದಕ್ಕೇ ಒಂದೇ ಮನೆಯವರಿಬ್ರನ್ನ ನಾವು ತಗೊಳಲ್ಲ. ನೀವೇನಾದ್ರೂ ಒಂದೇ ಮನೆಯವರಾಗಿದ್ರೆ ಒಬ್ರನ್ನ ಈಗ್ಲೇ ಕೈಬಿಡಬೇಕಿತ್ತು!"

ಡ್ರೈವರು ಆಕೆಯತ್ತ ನೋಡಿದರು. ಎಂಥಾ ನೋಟ ಅದು!

ಆಕೆಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಜೋರಾಗಿ ನಕ್ಕುಬಿಟ್ಟರು. "ಅಯ್ಯೋ ಸಿಸ್ಟರೇ, ನಾವ್ಯಾಕೆ ಒಂದೇ ಮನೆಯವರಾಗೋಣ! ಒಳ್ಳೆ ತಮಾಷೆ!"

ಅವರ ಮುಖ ದೀಪ ಆರಿದಂತಾಯಿತು.

ಮುಂದಿನ ತಿಂಗಳು ಅವರು ಬರಲಿಲ್ಲ.

"ಅವರು ಪರೀಕ್ಷೆ ಬಿಟ್ರು," ಅಂದರು ಸಿಸ್ಟರು. "ಕಾರಣ ನಾನು ಹೇಳೋ ಹಾಗಿಲ್ಲಮ್ಮ. ಒಂದ್ಸಲ ಬಿಟ್ರೆ ಮತ್ತೆ ಸೇರಿಸ್ಕೊಳಲ್ಲ."

ಆಕೆ ಅಂದು ನಡೆದದ್ದು ಬರೀ ಮುನ್ನೂರ ತೊಂಬತ್ತು ಮೀಟರು. ನಾನೇ ಓಡಿಸಿಬಿಟ್ಟೆ... ಹಲ್ಲು ಕಿಸಿದು ಓಡಿಸಿಬಿಟ್ಟೆ!

*

"ಯಾಕಮ್ಮ ಎರಡು ದಿನದಿಂದ ಸಪ್ಪಗಿದೀಯ?" ಕೇಳಿದಳು ಮಗಳು. "ಆ ಮಾತ್ರೆ ಒಗ್ತಿಲ್ವಾ? ಮೊದಲೇ ಹೇಳ್ದೆ..."

"ಮಾತ್ರೆ ಒಗ್ಗಿದೆ. ಒಬ್ಬರು ಮನಸ್ಸಿಗೆ ಬಂದಿದಾರೆ."

ಮಗಳ ಕೈಯ ಲೋಟ ಸಿಂಕಿಗೆ ಬಿತ್ತು. ವಿಷಯವೆಲ್ಲ ಕೇಳಿದ ಮೇಲೆ ಅವಳು ಕುರ್ಚಿ ಎಳೆದು ಕೂತಳು. "ಈ ವಯಸ್ಸಲ್ಲಿ ಏನಮ್ಮ ಇದು! ಜನ ಏನಂತಾರೆ?"

"ಅನ್ಲಿ. ನಲವತ್ತು ವರ್ಷ ಜನದ ಅಳತೆ ತಗೊಂಡಿದೀನಿ. ಯಾರ್ಯಾರ ಸೊಂಟ ಎಷ್ಟು, ಯಾರ್ಯಾರು ಎಷ್ಟು ಉಸಿರು ಬಿಗಿಹಿಡೀತಾರೆ, ಎಲ್ಲಾ ಗೊತ್ತು ನಂಗೆ."

"ತಮಾಷೆ ಮಾಡ್ಬೇಡ! ಇನ್ನೆಷ್ಟು ವರ್ಷಕ್ಕೆ ಅಂತ ಇದೆಲ್ಲಾ?"

ಮಾತು ಆಡಿದ ಮೇಲೆ ಮಗಳೇ ನಾಲಿಗೆ ಕಚ್ಚಿಕೊಂಡಳು. ಆಕೆಗೆ ಎದೆಯಲ್ಲಿ ಚುರುಕ್ ಅಂದಿತು. ಆದರೆ ಕಣ್ಣು ಕೆಳಗಿಳಿಯಲಿಲ್ಲ.

"ಅದನ್ನೇ ಕಣೇ ಅಲ್ಲಿ ಪರೀಕ್ಷೆ ಮಾಡ್ತಿರೋದು. ಗೊತ್ತಾದ ತಕ್ಷಣ ಹೇಳ್ತೀನಿ. ಅಲ್ಲೀವರೆಗೂ ಒಂದು ದಿನಾನೂ ನಾನು ಬಿಟ್ಟುಕೊಡಲ್ಲ, ಯಾರಿಗೂ!"

ಚಪ್ಪಲಿ ಮೆಟ್ಟಿ ಹೊರಟೇ ಬಿಟ್ಟರು.

*

ಮೈದಾನದಲ್ಲಿ ಹಳೇ ಕಾರೊಂದು ಕುಂಟುತ್ತಾ ಸುತ್ತುತ್ತಿತ್ತು. ಸ್ಟೀರಿಂಗ್ ಹಿಂದೆ ಬೆವರುತ್ತಿದ್ದ ಒಬ್ಬ ಬ್ಯಾಂಕ್ ಮೇಡಂ, ಪಕ್ಕದಲ್ಲಿ ಡ್ರೈವರು. ಟೈಲರಮ್ಮ ನೇರ ಹೋಗಿ ಕಾರಿನ ಮುಂದೆ ನಿಂತರು.

"ಬ್ರೇಕ್... ಬ್ರೇಕ್ ಒತ್ತಿ ಮೇಡಂ!"

ಕಾರು ಮುಗ್ಗರಿಸಿ ನಿಂತಿತು. ಆಕೆ ಕಿಟಕಿಗೆ ಬಂದರು.

"ಯಾಕ್ರೀ ಬಿಟ್ರಿ? ನಾನು ನಕ್ಕಿದ್ದಕ್ಕಾ?"

"ಅಲ್ಲ..." ಅವರು ತಲೆ ತಗ್ಗಿಸಿದರು. "ಒಂದೇ ಮನೆಯವರಾದ್ರೆ ಒಬ್ರು ಬಿಡಬೇಕು ಅಂದ್ರಲ್ಲ ಸಿಸ್ಟರು. ನೀವು ಬಿಡೋದು ನಂಗಿಷ್ಟ ಇರ್ಲಿಲ್ಲ. ಆ ಕಾರಿಡಾರಲ್ಲಿ ನಡೆಯೋವಾಗ ನಿಮ್ಮ ಮುಖ ನೋಡಿದೀನಿ ನಾನು... ಮಾರನೇ ದಿನವೇ ಹೋಗಿ ನಾನು ಬಿಡ್ತೀನಿ ಅಂತ ಬರೆದುಕೊಟ್ಟೆ. ದಾರಿ ಸಲೀಸಾಯ್ತು, ಇನ್ನು ನಿಮ್ಮನ್ನ ಕೇಳೋಣ ಅಂತ ಹೊರಟೆ. ಬಸ್‌ಸ್ಟಾಪಿಗೆ ಬಂದಾಗ ನಿಮ್ಮ ನಗು ನೆನಪಾಯ್ತು. ಒಳ್ಳೆ ತಮಾಷೆ ಅಂದಿದ್ರಿ... ವಾಪಸ್ ಬಂದ್ಬಿಟ್ಟೆ."

ಆಕೆ ಕಿಟಕಿಯ ಅಂಚು ಹಿಡಿದುಕೊಂಡರು. ನನ್ನ ಬಾಯಿಂದ ಹೂಂ ಬರುವ ಮೊದಲೇ... ನನಗಾಗಿ... ಅದರ ಬೆನ್ನಲ್ಲೇ ಸಿಟ್ಟೂ ಉಕ್ಕಿತು!

"ಮೊದಲು ಕೇಳಿ ಆಮೇಲೆ ಬಿಡ್ಬೇಕಿತ್ತಾ, ಬಿಟ್ಟು ಆಮೇಲೆ ಕೇಳ್ಬೇಕಿತ್ತಾ? ಅಳತೆ ತಗೊಳ್ದೆ ಬಟ್ಟೆ ಕತ್ತರಿಸೋರನ್ನ ಏನಂತಾರೆ?"

"ಪೆದ್ದ ಅಂತಾರೆ."

"ನನ್ನ ವಿಷಯ ನನ್ನನ್ನ ಕೇಳದೆ ತೀರ್ಮಾನ ಮಾಡೋಕೆ ಮನೇಲಿ ಜನ ಇದಾರೆ. ಅವ್ರ ಜೊತೆ ನೀವೂ ಸೇರ್ಕೋಬೇಡಿ!"

"ಸರ್, ಬ್ರೇಕ್ ಬಿಡ್ಲಾ?" ಮೇಡಂ ಸಣ್ಣದಾಗಿ ಕೇಳಿದರು.

"ಬಿಡಬೇಡಿ!" ಇಬ್ಬರೂ ಒಟ್ಟಿಗೆ.

ಡ್ರೈವರೇ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದು ಇಳಿದು ಬಂದರು. ಆಕೆಯ ಕಣ್ಣು ತುಂಬಿತ್ತು.

"ನಂದು ನಿಜವಾದ ಮಾತ್ರೆ ಆಗಿದ್ರೆ?" ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅದು ಕೆಲಸಾನೂ ಮಾಡಿ, ನಾನು ಗಟ್ಟಿಯಾಗಿ ಉಳ್ಕೊಂಡು, ನೀವು ಮುಂಚೆ ಹೋದ್ರೆ? ಒಂದ್ಸಲ ನಮ್ಮ ಯಜಮಾನರನ್ನ ವಾರ್ಡಿನಲ್ಲಿ ಕೈ ಹಿಡ್ಕೊಂಡು ಕಳಿಸಿಕೊಟ್ಟಿದೀನಿ ನಾನು. ಭಯ ಆಗುತ್ತೆ ಕಣ್ರೀ..."

"ನಿಮ್ಮದು ಹುಸಿ ಮಾತ್ರೇನೂ ಇರಬಹುದು."

"ಇರಬಹುದು."

"ಹಂಗಾದ್ರೆ..." ಅವರು ಒಂದು ಹೆಜ್ಜೆ ಹತ್ತಿರ ಬಂದರು. "ಬೇಡ್ವಾ?"

"ಬೇಡ ಅಂದೋಳು ಎರಡು ಬಸ್ ಬದಲಾಯಿಸಿ ಬರ್ತಾಳಾ? ಬೇಕು! ಭಯ ಇದ್ರೂ ಬೇಕು. ಮಾತ್ರೆನೂ ಬಿಡಲ್ಲ, ನಿಮ್ಮನ್ನೂ ಬಿಡಲ್ಲ. ಏನ್ಮಾಡ್ಕೋತಾರೋ ಮಾಡ್ಕೊಳ್ಳಿ ಎಲ್ರೂ!"

ಕಾರಿನೊಳಗಿನಿಂದ ಮೂಗು ಸೀಟಿದ ಸದ್ದು ಕೇಳಿಸಿತು. ಮೇಡಂ ಅಳುತ್ತಿದ್ದರು.

ಅವರು ಕೈ ಮುಂದೆ ಮಾಡಿದರು. ಅಷ್ಟು ವರ್ಷ ಬಸ್ ತಿರುಗಿಸಿ ದಡ್ಡುಗಟ್ಟಿದ ಕೈ. ಆಕೆ ಅದನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡರು. ಹಗಲು ಹತ್ತೂವರೆ, ಮೈದಾನದ ತುಂಬಾ ಜನ. ನೋಡುವವರು ನೋಡಲಿ!

"ಮನೇಲಿ ಗೊತ್ತಾ?" ಅವರು ಕೇಳಿದರು.

"ಮಗಳಿಗೆ ಹೇಳಿ ಬಂದೆ. ಬೈತಿದಾಳೆ."

"ತುಂಬಾನಾ?"

"ಸಂಜೆ ಅಳಿಯ ಬಂದ ಮೇಲೆ ಇನ್ನೂ ಜೋರಿರುತ್ತೆ."

ಅವರು ಅಂಗಿಯ ಕಾಲರು ಸರಿಮಾಡಿಕೊಂಡರು. "ಒಬ್ರೇ ಯಾಕೆ ಬೈಸ್ಕೋತೀರಿ... ನಾನೂ ಬರ್ತೀನಿ."

"ಬನ್ನಿ," ಅಂದರು ಆಕೆ, ಕೈ ಬಿಡದೆ. "ಆದ್ರೆ ಮಧ್ಯದಲ್ಲಿ ಎದ್ದು ಓಡಬಾರದು."

"ಕೊನೇವರೆಗೂ ಇರ್ತೀನಿ."